ಖಾಡಿಯ ತಳದ ಕೆಸರು

ಕೆಸರು ತೊಳೆಯುವುದೇ ನನ್ನ ಕೆಲಸ. ಮುಂಬಯಿ ಫೋರ್ಟಿನ ಹಳೇ ಬಿಲ್ಡಿಂಗ್ ಒಂದರ ಲ್ಯಾಬಿನಲ್ಲಿ ಸಮುದ್ರದ ತಳದ ಕೆಸರನ್ನು ಜರಡಿ ಹಿಡಿದು, ಉಸುಕಿನ ಕಾಳಿನಷ್ಟಿರುವ ಫೊರಾಮಿನಿಫೆರಾ ಎಂಬ ಜೀವಿಗಳ ಚಿಪ್ಪುಗಳನ್ನು ಕುಂಚದ ತುದಿಯಿಂದ ಒಂದೊಂದಾಗಿ ಎತ್ತುತ್ತೇನೆ. ಯಾವ ಪದರದಲ್ಲಿ ಯಾವ ಜಾತಿಯ ಚಿಪ್ಪಿದೆ ಎಂದು ನೋಡಿದರೆ ಆ ಕಾಲದ ನೀರು ಎಷ್ಟು ಉಪ್ಪಾಗಿತ್ತು, ಎಷ್ಟು ಆಳವಿತ್ತು ಎಂದು ಹೇಳಬಹುದು. ಧಾರವಾಡದಲ್ಲಿರುವ ಅವ್ವನಿಗೆ ಇದನ್ನು ವಿವರಿಸುವ ಆಸೆಯನ್ನು ನಾನು ಎಂದೋ ಬಿಟ್ಟಿದ್ದೇನೆ.

ಮುಲುಂಡ್ ಆಚೆ, ಸಮುದ್ರ ಊರೊಳಗೆ ಚಾಚಿಕೊಂಡಿರುವ ಖಾಡಿಯಲ್ಲಿ ಕೊಳವೆ ಇಳಿಸಿ ಕೆಸರು ತೆಗೆಯಲು ನಮ್ಮನ್ನು ದೋಣಿಯಲ್ಲಿ ಕರೆದೊಯ್ದವರು ಮಲ್ಪೆ ಕಡೆಯ ಒಬ್ಬ ಮೀನುಗಾರರು. ಅವರ ಬಲೆಗೆ ಪ್ಲಾಸ್ಟಿಕ್ ಬಿಟ್ಟರೆ ಹೆಚ್ಚೇನೂ ಬೀಳುತ್ತಿರಲಿಲ್ಲ. ಗ್ರಾಂಟ್ ರೋಡಿನಲ್ಲಿ ಹೋಟೆಲಿಟ್ಟಿದ್ದ ಭಾವ, ದೋಣಿ ಮಾರಿ ಅಡುಗೆಮನೆಗೆ ಬಂದು ಸೇರು ಎಂದು ಪ್ರಾಣ ತಿನ್ನುತ್ತಿದ್ದರಂತೆ.

"ತಳದಲ್ಲಿ ಜೀವ ಉಂಟಾ ನೋಡಿ ಹೇಳಿ ಮೇಡಂ. ಇದ್ದರೆ ನಾನು ದೋಣಿ ಮಾರುವುದಿಲ್ಲ," ಎಂದರು. ನಾನು ದೊಡ್ಡ ಮನುಷ್ಯಳಂತೆ, "ಆಗಲಿ," ಎಂದೆ.

ಉತ್ತರ ಕೇಳಲು ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಲ್ಯಾಬಿಗೇ ಬಂದರು. ಸೂಕ್ಷ್ಮದರ್ಶಕದಡಿ ಕೊಳವೆಯ ತೀರಾ ಕೆಳಗಿನ ಪದರದ ಸ್ಲೈಡ್ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಬಗ್ಗಿ ನೋಡಿದರು. ಬೆಳ್ಳಗಿನ, ಸುರುಳಿ ಸುರುಳಿಯಾದ ಚಿಪ್ಪುಗಳು ಸ್ಲೈಡಿನ ತುಂಬ.

"ಎಷ್ಟು ಉಂಟು ಮಾರಾಯ್ರೆ. ನಾನು ಭಾವನಿಗೆ ಹೇಳಿದ್ದೆ."

ಅವರ ಮುಖ ಅರಳಿತು. "ಅಣ್ಣಾರ, ಇವು ಸಾವಿರಾರು ವರ್ಷದ ಹಿಂದಿನವ್ರೀ. ಆವಾಗ ನೀರು ಛಲೋ ಇತ್ತು," ಎಂದೆ.

ಮೇಲಿನ ಪದರದ ಸ್ಲೈಡ್ ಇಟ್ಟೆ. ಅವರು ಬಲೆ ಹಾಕುವ ಜಾಗದ್ದೇ. ಆ ಕೆಸರಿಗೆ ದೋಣಿಯಲ್ಲೇ ಬಣ್ಣ ಬೆರೆಸಿದ್ದೆವು. ಜೀವವಿದ್ದದ್ದು ಗುಲಾಬಿಯಾಗುತ್ತದೆ, ಖಾಲಿ ಚಿಪ್ಪು ಬೆಳ್ಳಗೇ ಉಳಿಯುತ್ತದೆ ಎಂದು ತಿಳಿಸಿದೆ. ಅಲ್ಲಿದ್ದದ್ದೇ ನಾಲ್ಕಾರು, ಅವೂ ಸೊಟ್ಟಗೆ ಬೆಳೆದವು. ಒಂದೂ ಗುಲಾಬಿಯಾಗಿರಲಿಲ್ಲ. ಇಡೀ ಊರಿನ ಗಟಾರವನ್ನು ಖಾಡಿಗೆ ಬಿಟ್ಟವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೀನುಗಾರರು ಮಾತ್ರ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಹುಡುಕುತ್ತಲೇ ಇದ್ದರು.

"ಪುನಃ ಆ ಕೆಳಗಿನ ಹಾಗೆ ಆಗಲಿಕ್ಕೆ ಎಷ್ಟು ಸಮಯ ಬೇಕು?"

"ನಮ್ಮ ಕಾಲಕ್ಕ ಆಗೂದಿಲ್ರೀ."

ಅವರು ಕುರ್ಚಿಯನ್ನು ಮೇಜಿನೊಳಕ್ಕೆ ಸರಿಸಿಟ್ಟರು. ಚಹಾ ಬೇಡವೆಂದರು. ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಾ, "ಮುಂದಿನ ಸಲ ಬರುವುದಾದರೆ ಬೇರೆ ದೋಣಿ ನೋಡಿಕೊಳ್ಳಿ ಮೇಡಂ," ಎಂದರು.