ಬಾನೆಟ್ಟಿನೊಳಗಿನ ಭಂಡಾರ

ಮೊನ್ನೆ ನನ್ನ ಅಂಗಡಿಗೆ ಒಂದು ಹೊಸ ಕಾರು ಬಂತು. ಹಾರ್ನ್ ಒಮ್ಮೊಮ್ಮೆ ಕೂಗುತ್ತದೆ, ಒಮ್ಮೊಮ್ಮೆ ಇಲ್ಲ ಎಂದು ಮಾಲೀಕರ ದೂರು. ಬಾನೆಟ್ ಎತ್ತಿದೆ. ಎಂಜಿನ್ನಿನ ಬಿಸಿಯ ಜೊತೆಗೇ ಅರಿಶಿನದ ವಾಸನೆ ಘಮ್ಮೆಂದು ಮುಖಕ್ಕೆ ಬಡಿಯಿತು. ಹಿಂದಿನ ದಿನವಷ್ಟೇ ಗಾಡಿ ಪೂಜೆಗೆ ಜೇಜುರಿಗೆ ಹೋಗಿ ಬಂದಿದ್ದರಂತೆ. ಬ್ಯಾಟರಿಯ ಮೇಲೆ, ತಂತಿಗಳ ಮೇಲೆ, ಎಲ್ಲೆಲ್ಲೂ ಭಂಡಾರ, ದೇವರ ಅರಿಶಿನ ಪುಡಿ. ಕಾದ ರಬ್ಬರು, ಎಂಜಿನ್ ಎಣ್ಣೆ, ಅರಿಶಿನ ಮೂರೂ ಕೂಡಿದ ಆ ವಾಸನೆಗೆ ನನ್ನ ತಲೆಯಲ್ಲಿ ಒಬ್ಬರದೇ ಮುಖವಿದೆ. ಸ್ಕ್ರೂಡ್ರೈವರ್ ಹಿಡಿದುಕೊಂಡು ಹಾಗೇ ನಿಂತುಬಿಟ್ಟಿದ್ದೆನೆಂದು ಕಾಣುತ್ತದೆ. ದೊಡ್ಡ ಖರ್ಚೇನಾದರೂ ಬಂತೇ ಎಂದು ಮಾಲೀಕರು ಗಾಬರಿಯಿಂದ ಕೇಳಿದರು.

ಅವರನ್ನು ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ನಮ್ಮವರೂ ಕಾಕು, ಮರಾಠಿಯವರೂ ಕಾಕು. ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ.

ಮರಾಠಿ ಸೀಮೆಯ ಈ ನಿಗಡಿಯಲ್ಲಿ ನನ್ನದು ಗಾಡಿಗಳ ವೈರಿಂಗ್ ಕೆಲಸ. ಏಳನೆಯ ಇಯತ್ತೆಗೇ ಶಾಲೆ ಬಿಟ್ಟು ಇಂಡಿ ಕಡೆಯಿಂದ ಬಂದವನು ನಾನು. ಓದಿದ್ದು ಕಡಿಮೆ, ಆದರೆ ಈ ಕೈ ಮುಟ್ಟಿದ ಗಾಡಿ ಅದೇ ದೂರು ಹೊತ್ತು ತಿರುಗಿ ಬರುವುದು ಅಪರೂಪ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಅಂಗಡಿಯ ಹಿಂದಿನ ಬೀದಿಯಲ್ಲಿ ಹಳೆಯದೊಂದು ಮೂರು ಅಂತಸ್ತಿನ ಕಟ್ಟಡವಿತ್ತು. ಅದರ ಕೆಳಗಿನ ಮನೆಯಲ್ಲಿ ಕಾಕುವಿನ ಖಾನಾವಳಿ. ಗೋಕಾಕ ಕಡೆಯ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅವರ ಯಜಮಾನರು ಖಡಕಿಯ ಕಾರ್ಖಾನೆಯಿಂದ ನಿವೃತ್ತರಾದವರು. ಯಂತ್ರಗಳ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದು ಕಿವಿ ಪೂರ್ತಿ ಹೋಗಿತ್ತು. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದರು, ಕುಳಿತಲ್ಲೇ ಬೆಳ್ಳುಳ್ಳಿ ಸುಲಿಯುತ್ತಿದ್ದರು.

ಕಾಕುವಿನ ಡಬ್ಬಿಗಳು ಚಿಂಚವಡದ ಕಾರ್ಖಾನೆಗಳ ಗೇಟಿಗೆ ಹೋಗುತ್ತಿದ್ದವು. ಮೊದಲು ಒಬ್ಬ ಆಟೋದವನು ಒಯ್ಯುತ್ತಿದ್ದ. ಅವನಿಗೆ ಊರಿನಲ್ಲಿ ಯಾರದಾದರೂ ಮದುವೆಯಾದರೂ ರಜೆ, ಯಾರಾದರೂ ಸತ್ತರೂ ರಜೆ. ಅಂಥ ದಿನ ಗೇಟಿನ ಹೊರಗೆ ನಿಂತವರು ವಡಾಪಾವ್ ತಿಂದು ಮಧ್ಯಾಹ್ನ ಕಳೆಯಬೇಕು. ಕಾಕುವಿಗೆ ಅದನ್ನು ಸಹಿಸಲಾಗುತ್ತಿರಲಿಲ್ಲ. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತರು. ಕಲಿಸುವವನು ಬ್ರೇಕಿನ ಮೇಲಿಂದ ಕಾಲು ತೆಗೆಯಲೇ ಇಲ್ಲವಂತೆ, ಇವರು ಅವನನ್ನು ಬೈಯುವುದು ಬಿಡಲಿಲ್ಲವಂತೆ. ಹಳೆಯದೊಂದು ಸಣ್ಣ ಕಾರು ತೆಗೆದುಕೊಂಡು, ಹಿಂದಿನ ಸೀಟು ಬಿಚ್ಚಿಸಿ, ಡಬ್ಬಿ ತುಂಬಿಕೊಂಡು ತಾವೇ ಹೊರಟರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೂಗಿನ ತುದಿಗೆ ಕನ್ನಡಕ ಇಳಿಸಿ ಅವರು ಗೇಟು ದಾಟುವುದನ್ನು ನೋಡುವುದೇ ಒಂದು ಸೊಗಸು...

ಒಂದು ಸಲ ಅಂಗಳದಲ್ಲಿ ನಿಲ್ಲಿಸಿದ್ದ ಆ ಕಾರಿನ ಬ್ಯಾಟರಿಯನ್ನೇ ಯಾರೋ ಬಿಚ್ಚಿಕೊಂಡು ಹೋದರು. ಮರುದಿನ ಕಾಕು ಅಂಗಡಿಗೆ ಬಂದರು.

"ತಮ್ಮಾ, ಒದರೂ ಯಂತ್ರ ಒಂದು ಹಚ್ಚು. ಕಳ್ಳ ಮುಟ್ಟಿದ್ರ ಓಣಿಗೆಲ್ಲಾ ಕೇಳಬೇಕು."

ಹಚ್ಚಿದೆ. ನಾಲ್ಕು ಬಾಗಿಲಿಗೆ, ಡಿಕ್ಕಿಗೆ, ಬಾನೆಟ್ಟಿಗೆ ಒಂದೊಂದು ಸಣ್ಣ ಸ್ವಿಚ್ಚು. ಯಾವುದು ತೆರೆದರೂ ಸೈರನ್ನಿಗೆ ಸುದ್ದಿ ಮುಟ್ಟುತ್ತದೆ. ಯಾರಾದರೂ ಗಾಡಿಗೆ ಗುದ್ದಿದರೆ ತಿಳಿಯಲೆಂದು ಒಳಗೊಂದು ಸೆನ್ಸರ್. ಕಾಕುವಿಗೆ ಭಾರಿ ಖುಷಿ. ಆ ವಾರವೇ ಯಜಮಾನರನ್ನು ಪಕ್ಕಕ್ಕೆ ಕೂರಿಸಿಕೊಂಡು ಜೇಜುರಿಗೆ ಹೋಗಿಬಂದರು. ಮರಾಠಿಯವರಿಗೆ ಅವನು ಖಂಡೋಬಾ, ನಮಗೆ ಮಲ್ಲಯ್ಯ. ಅಲ್ಲಿ ಜನ "ಯಳಕೋಟ" ಅಂತ ಕೂಗುವಾಗ ಇವರು ನಮ್ಮ ಕಡೆಯವರಂತೆ "ಏಳುಕೋಟಿ ಏಳುಕೋಟಿಗೋ" ಅಂತ ಕೂಗಿ ಮುಷ್ಟಿಗಟ್ಟಲೆ ಭಂಡಾರ ಹಾರಿಸಿದರಂತೆ.

ಮಳೆಗಾಲ ಹಿಡಿದುಕೊಂಡಿತು. ಮಧ್ಯಾಹ್ನದ ಹೊತ್ತು ಅಲಾರ್ಮ್ ತಾನಾಗಿ ಒದರಲು ಶುರು ಮಾಡಿತು.

ಹತ್ತಿರ ಯಾರೂ ಇಲ್ಲ, ನಾಯಿಯಿಲ್ಲ, ಬೆಕ್ಕಿಲ್ಲ. ಸುಮ್ಮನೆ ನಿಂತ ಗಾಡಿ ಕಿರುಚಿಕೊಳ್ಳುತ್ತಿತ್ತು. ಕಾಕು ಹಿಟ್ಟಿನ ಕೈಯಲ್ಲೇ ರಿಮೋಟ್ ಹಿಡಿದು ಓಡುವರು, ಬಾಯಿ ಮುಚ್ಚಿಸುವರು, ಒಲೆಯ ಮುಂದೆ ಕೂರುವಷ್ಟರಲ್ಲಿ ಮತ್ತೆ ಅದೇ ರಾಗ. ಕಟ್ಟಡದ ಸೆಕ್ರೆಟರಿ ಮೇಲಿನ ಮನೆಯವರು, ಮರಾಠಿ ಹಿರಿಯರು. ಅವರ ಸೊಸೆ ಆಗತಾನೇ ಹಡೆದು ಮನೆಗೆ ಬಂದಿದ್ದಳು. ಕಷ್ಟಪಟ್ಟು ಮಲಗಿಸಿದ ಕೂಸು ಸೈರನ್ನಿಗೆ ಬೆಚ್ಚಿ ಎದ್ದು ಅಳುತ್ತಿತ್ತು. ಅವರ ಸಿಟ್ಟು ಸುಳ್ಳಲ್ಲ. ಬರುವ ಭಾನುವಾರದೊಳಗೆ ಇದು ನಿಲ್ಲದಿದ್ದರೆ ಕಾರು ಅಂಗಳದಲ್ಲಿ ನಿಲ್ಲುವಂತಿಲ್ಲ ಎಂದು ಕಮಿಟಿಯವರು ಹೇಳಿಬಿಟ್ಟರು.

ಅಂಗಳ ಬಿಟ್ಟರೆ ಆ ಕಾರಿಗೆ ಬೇರೆ ಜಾಗವಿರಲಿಲ್ಲ. ಹೊರಗಿನ ರಸ್ತೆ ಎಷ್ಟು ಇಕ್ಕಟ್ಟೆಂದರೆ ಅಲ್ಲಿ ನಿಂತ ಗಾಡಿಯನ್ನು ಟೋಯಿಂಗ್‌ನವರು ಎತ್ತಿಕೊಂಡು ಹೋಗುತ್ತಿದ್ದರು. ಕಾರಿಲ್ಲದಿದ್ದರೆ ಡಬ್ಬಿಯಿಲ್ಲ. ಡಬ್ಬಿಯಿಲ್ಲದಿದ್ದರೆ ಖಾನಾವಳಿಯ ಬಾಗಿಲು ಮುಚ್ಚಬೇಕು, ರೊಟ್ಟಿ ಬಡಿಯಲು ಬರುತ್ತಿದ್ದ ಹೆಂಗಸರು ಬೇರೆ ಮನೆ ನೋಡಿಕೊಳ್ಳಬೇಕು. ಕಾಕು ಇದನ್ನೆಲ್ಲ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಆ ವಾರ ನನ್ನನ್ನು ಒಮ್ಮೆಯೂ ಚುಡಾಯಿಸಲಿಲ್ಲ. ಅದರಿಂದಲೇ ನನಗೆ ಗೊತ್ತಾಯಿತು.

ನೋಡಿದವರೆಲ್ಲ ಸೈರನ್ನಿನ ತಂತಿ ಕತ್ತರಿಸು ಎಂದರು. ಮತ್ತೆ ಬ್ಯಾಟರಿ ಹೋದರೆ ನೀವು ತಂದುಕೊಡುತ್ತೀರೇನು ಎಂದು ಕಾಕು ಅವರ ಬಾಯಿ ಮುಚ್ಚಿಸಿದರು. ನನಗೂ ಅದು ಒಪ್ಪಿಗೆಯಾಗಲಿಲ್ಲ. ನಾನೇ ಕೂರಿಸಿದ ಅಲಾರ್ಮು. ಕಾರಣ ಸಿಗಲಿಲ್ಲವೆಂದು ಅದನ್ನು ಮೂಕ ಮಾಡಿ ಯಾವ ಮುಖ ಹೊತ್ತು ತಿರುಗಲಿ?

ಅಲಾರ್ಮ್ ಸುಮ್ಮಸುಮ್ಮನೆ ಒದರುವುದಿಲ್ಲ. ಏನೋ ಒಂದು ಅದಕ್ಕೆ ಸುಳ್ಳು ಸುದ್ದಿ ಕೊಡುತ್ತಿರುತ್ತದೆ. ಮೊದಲು ಬ್ಯಾಟರಿ ನೋಡಬೇಕು. ಅದು ಸೋತಿದ್ದರೆ ಕರೆಂಟು ಕುಸಿದಾಗ, ಯಾರೋ ತಂತಿ ಕಿತ್ತರೆಂದು ತಿಳಿದು ಕೂಗುವ ಅಲಾರ್ಮುಗಳಿವೆ. ಕಾಕುವಿನ ಬ್ಯಾಟರಿ ಹೊಸದು. ಟರ್ಮಿನಲ್ ಬಿಚ್ಚಿ, ತಿಕ್ಕಿ, ಬಿಗಿ ಮಾಡಿದೆ. ಆಮೇಲೆ ಸೆನ್ಸರ್. ಅದು ಅತಿ ಸೂಕ್ಷ್ಮವಾಗಿದ್ದರೆ ಪಕ್ಕದಲ್ಲಿ ಲಾರಿ ಹೋದರೂ ಬೆಚ್ಚುತ್ತದೆ. ತಿರುಪು ತಿರುಗಿಸಿ ಕಡಿಮೆ ಮಾಡಿದೆ. ಬಾಗಿಲುಗಳನ್ನು ಒಂದೊಂದಾಗಿ ತೆರೆದು ಮುಚ್ಚಿ ನೋಡಿದೆ, ಡಿಕ್ಕಿ ಸರಿಯಾಗಿ ಕೂರುತ್ತದೋ ಇಲ್ಲವೋ ನೋಡಿದೆ, ರಿಮೋಟಿನ ಗುಂಡಿ ಒಳಗೇ ಸಿಕ್ಕಿಕೊಂಡಿದೆಯೇ ಎಂದೂ ನೋಡಿದೆ. ಎಲ್ಲ ಸರಿ. ನಾನು ಪರೀಕ್ಷೆ ಮಾಡುವಾಗ ಗಾಡಿ ಹಸುವಿನಂತೆ ಸುಮ್ಮನೆ ನಿಲ್ಲುತ್ತಿತ್ತು. ನಾನು ಅತ್ತ ಹೋದರೆ ಇತ್ತ ಶುರು. ಸುಳ್ಳೇಕೆ, ಆ ವಾರ ನನ್ನ ಕೆಲಸದ ಮೇಲೆಯೇ ನನಗೆ ಅನುಮಾನ ಹುಟ್ಟಿತ್ತು.

ಭಾನುವಾರ ಬೆಳಿಗ್ಗೆ ಹೋಗಿ ಮತ್ತೆ ತಂತಿ ಹಿಡಿದು ಕುಳಿತೆ. ಕಾಕು ಚಹಾ ತಂದುಕೊಟ್ಟು ಕಟ್ಟೆಯ ಮೇಲೆ ಕೂತರು. ಏನೋ ಯೋಚನೆಯಲ್ಲಿದ್ದರು.

"ತಮ್ಮಾ, ಒಂದು ಮಾತು. ಡಬ್ಬಿ ಕೊಟ್ಟು ಬಂದ ಕೂಡ್ಲೇ ಎಂದೂ ಒದರೂದುಲ್ಲ. ಗಾಡಿ ಆರಿದ ಮ್ಯಾಲ ಒದರತೈತಿ. ಮಳಿ ಬಂದ್ರಂತೂ ಖರೇನ."

"ಅದಕ್ಕೇನಾತ್ರಿ ಕಾಕು?"

"ಹಪ್ಪಳ ಒಲಿ ಬಾಜೂಕ ಇದ್ರ ಗರಿಗರಿ ಇರತೈತಿ. ಮಳಿಗಾಲದಾಗ ಹೊರಗ ಇಟ್ರ ಮೆತ್ತಗಾಗತೈತಿ. ನಿನ್ನ ಗಾಡ್ಯಾಗೂ ಯಾವದೋ ಹಪ್ಪಳ ಮೆತ್ತಗಾಗಾಕತ್ತೈತಿ ನೋಡು."

ನಾನು ಚಹಾ ಕೆಳಗಿಟ್ಟೆ. ಎಂಜಿನ್ನಿನ ಬಿಸಿ ತಾಗುವ ಸ್ವಿಚ್ಚು ಒಂದೇ, ಬಾನೆಟ್ಟಿನದು. ಬಾನೆಟ್ ಎತ್ತಿ ಬಗ್ಗಿ ನೋಡಿದೆ. ಆ ಸ್ವಿಚ್ಚಿನ ಸುತ್ತ, ಅದರ ಪುಟ್ಟ ಕಡ್ಡಿ ಒಳಗೆ ಹೊರಗೆ ಆಡುವ ತೂತಿನ ತುಂಬ ಜೇಜುರಿಯಲ್ಲಿ ಗಾಡಿಗೆ ಹಾರಿಸಿದ ಭಂಡಾರ ಕೂತಿತ್ತು. ಎಂಜಿನ್ ಎಣ್ಣೆಯ ಜೊತೆ ಕಲೆತು ಕಣಕದಂತೆ ಗಟ್ಟಿಯಾಗಿತ್ತು. ಗಾಡಿ ಓಡಿ ಬಿಸಿಯಿದ್ದಾಗ ಅದು ಒಣಗಿರುತ್ತದೆ, ಯಾರಿಗೂ ತೊಂದರೆಯಿಲ್ಲ. ಆರಿದ ಮೇಲೆ ಮಳೆಯ ತಂಪು ಹೀರಿ ಹಸಿಯಾದರೆ ಅದರೊಳಗಿಂದಲೇ ಕರೆಂಟು ಸೋರುತ್ತದೆ. ಬಾನೆಟ್ ತೆರೆಯಿತೆಂದು ಸೈರನ್ನಿಗೆ ಸುದ್ದಿ ಹೋಗುತ್ತದೆ. ಪೆಟ್ರೋಲಿನಲ್ಲಿ ಅದ್ದಿದ ಅರಿವೆ ತೆಗೆದುಕೊಂಡು ಒರೆಸಲು ಕೈ ಹಾಕಿದೆ. ಕಾಕು ನನ್ನ ಮಣಿಕಟ್ಟು ಹಿಡಿದರು.

"ಏ, ಕೈ ತಗಿ. ಅದೇನು ಧೂಳ ಅಂತ ತಿಳದಿಯೇನು?"

"ಇದ ನೋಡ್ರಿ ಕಾಕು, ಒದರಸೂದು."

"ಅಂದ್ರ ಮಲ್ಲಯ್ಯನ ಒದರಸಾಕತ್ತಾನ ಅಂತೀಯೇನು?"

"ಮಲ್ಲಯ್ಯ ಅಲ್ರಿ. ಅವನ ಭಂಡಾರ."

ಅವರಿಗೆ ನಗು ಬಂತು, ಆದರೆ ಹಿಡಿದ ಕೈ ಬಿಡಲಿಲ್ಲ. ಮುದಿ ವಯಸ್ಸಿನಲ್ಲಿ ಗಾಡಿ ಕಲಿತು, ಈ ಊರಿನ ರಸ್ತೆಗಳಲ್ಲಿ ಇಷ್ಟು ದಿನ ಯಾರಿಗೂ ತಾಗಿಸದೆ ಮನೆಗೆ ಬಂದಿದ್ದರೆ ಅದು ಯಾರ ದಯೆ ಎಂದು ಕೇಳಿದರು. ಪೆಟ್ರೋಲಿನ ಅರಿವೆಯಲ್ಲಿ ಒರೆಸಿ ಗಟಾರಕ್ಕೆ ಒಗೆಯಲು ಬಿಡುವುದಿಲ್ಲ ಎಂದರು. ಕಾರು ಅಂಗಳದಿಂದ ಹೋದರೂ ಸೈ ಎನ್ನುವ ಹಟ ಅವರ ಮುಖದಲ್ಲಿ ಕಂಡಿತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದು. ಸೆಕ್ರೆಟರಿಯವರು ಕಮಿಟಿಯವರನ್ನು ಕರೆದುಕೊಂಡು ಇಳಿದು ಬರುತ್ತಿದ್ದರು.

ಕಾಕು ಒಳಗೆ ಹೋದರು. ಒಂದು ಸ್ಟೀಲ್ ತಟ್ಟೆ, ಸಾಂಬಾರ ಡಬ್ಬಿಯ ಸಣ್ಣ ಚಮಚ ಹಿಡಿದು ಬಂದರು. ಬಾನೆಟ್ಟಿನೊಳಗೆ ಬಗ್ಗಿ ಆ ಭಂಡಾರವನ್ನು ತಾವೇ ಚೂರು ಚೂರಾಗಿ ಕೆರೆದು ತಟ್ಟೆಗೆ ತೆಗೆದರು. ಅದರ ಬಣ್ಣ ಅರ್ಧ ಹಳದಿ, ಅರ್ಧ ಕಪ್ಪು. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಸೆಕ್ರೆಟರಿಯವರ ಎದುರು ನಿಂತರು. ಜೇಜುರಿಯ ಭಂಡಾರ, ನಿಮ್ಮ ಮನೆದೇವರದೇ, ಹಂಚಬೇಕೆಂದು ತೆಗೆದೆ ಎಂದು ಮರಾಠಿಯಲ್ಲಿ ಹೇಳಿದರು.

ಕಾರು ತೆಗೆಯಿರಿ ಎನ್ನಲು ಬಂದ ಮನುಷ್ಯ. ತಟ್ಟೆ ನೋಡಿದರು, ಕಾಕುವಿನ ಮುಖ ನೋಡಿದರು. ಆಮೇಲೆ ಮೆಲ್ಲಗೆ ಚಪ್ಪಲಿ ಬಿಟ್ಟು ಹಣೆ ಮುಂದೆ ಮಾಡಿದರು. ಕಾಕು ಉದ್ದಕ್ಕೆ ಎಳೆದರು. ಅವರ ಹಿಂದಿದ್ದವರೂ ಚಪ್ಪಲಿ ಬಿಟ್ಟರು. ಕಮಿಟಿಯವರ ಹಣೆಗಳ ಮೇಲೆಲ್ಲ ಎಂಜಿನ್ ಎಣ್ಣೆಯ ಹೊಳಪು ಬಂತು. ನಾನು ಬಾನೆಟ್ಟಿನೊಳಗೆ ತಲೆ ಹಾಕಿ ನಗು ನುಂಗಿದೆ. ಸೆಕ್ರೆಟರಿಯವರು ಕೂಸಿಗೂ ಒಂದು ಚಿಟಿಕೆ ಕೇಳಿದಾಗ ಮಾತ್ರ ಕಾಕು ತಟ್ಟೆ ಹಿಂದಕ್ಕೆಳೆದುಕೊಂಡರು. ಇದು ಎಣ್ಣೆಯದು, ಎಳೇ ಚರ್ಮಕ್ಕೆ ಬೇಡ ಎಂದು ದೇವರ ಗೂಡಿನಿಂದ ಹೊಸ ಭಂಡಾರ ತಂದುಕೊಟ್ಟರು.

ಹಾಗೆಂದು ಸೆಕ್ರೆಟರಿಯವರು ಮರುಳಾಗುವ ಆಳಲ್ಲ. ದೇವರ ಮಾತು ಬೇರೆ, ಸೈರನ್ನಿನ ಮಾತು ಬೇರೆ, ಇನ್ನೊಂದು ವಾರ ನೋಡೋಣ ಎಂದು ಹೇಳಿ ಮೇಲೆ ಹೋದರು.

ಉಳಿದದ್ದನ್ನು ಒರೆಸಲು ಕಾಕು ಈಗ ತಡೆಯಲಿಲ್ಲ. ಸ್ವಿಚ್ಚು ಬಿಚ್ಚಿ ತೊಳೆದು, ಒಣಗಿಸಿ, ಮೇಲೆ ರಬ್ಬರಿನ ಟೊಪ್ಪಿಗೆ ಹಾಕಿ ಕೂರಿಸಿದೆ. ಆ ವಾರ ಮಳೆ ಬಿಡದೆ ಸುರಿಯಿತು. ಮಧ್ಯಾಹ್ನವಾದರೆ ನಾನು ಕೆಲಸ ಬಿಟ್ಟು ಅಂಗಳಕ್ಕೆ ಬಂದು ನಿಲ್ಲುತ್ತಿದ್ದೆ. ಕಾಕು ಬಾಗಿಲಲ್ಲಿ. ಅವರ ಯಜಮಾನರಿಗೆ ಸೈರನ್ ಕೇಳಿಸುವಂತಿರಲಿಲ್ಲವಲ್ಲ, ಬೆಳ್ಳುಳ್ಳಿ ಸುಲಿಯುತ್ತಲೇ ನಮ್ಮಿಬ್ಬರ ಮುಖವನ್ನು ಸರದಿಯ ಮೇಲೆ ನೋಡುವರು. ನಮ್ಮ ಮುಖ ಸಿಂಡರಿಸದಿದ್ದರೆ ಒದರಿಲ್ಲವೆಂದು ಲೆಕ್ಕ. ಒದರಲಿಲ್ಲ. ವಾರ ಕಳೆದ ಮೇಲೆ ಸೆಕ್ರೆಟರಿಯವರ ಸೊಸೆ ಕೂಸನ್ನೆತ್ತಿಕೊಂಡು ಕೆಳಗಿಳಿದು ಬಂದು ಕಾಕುವಿನ ಮಡಿಲಿಗೆ ಹಾಕಿದಳು. ಕಾರಿನ ಜಾಗದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಅಂದಿನಿಂದ ಕಾಕು ಜೇಜುರಿಗೆ ಹೋದರೆ ಭಂಡಾರ ಹಾರಿಸುವುದು ಗಾಲಿಗೆ, ಬಂಪರಿಗೆ. ಬಾನೆಟ್ಟಿನೊಳಗೇ ಕುಂದ್ರಬೇಕಂತ ಮಲ್ಲಯ್ಯಗೇನೂ ಹಟ ಇಲ್ಲ ಅನ್ನುತ್ತಿದ್ದರು. ದೋಷ ಹಿಡಿದವನು ನಾನು ಎಂದು ಅಂಗಡಿಯಲ್ಲಿ ಹೇಳಿಕೊಂಡದ್ದು ಹೇಗೋ ಅವರ ಕಿವಿಗೆ ಬಿತ್ತು. ಅಂದಿನಿಂದ ಊಟಕ್ಕೆ ಹೋದಾಗಲೆಲ್ಲ ನನ್ನ ತಾಟಿಗೆ ಎರಡು ಹಪ್ಪಳ ಹಾಕುವರು. "ತಿನ್ನು, ಶಾಣ್ಯಾ ಆಗ್ತಿ" ಅನ್ನುವರು. ನಾನೂ ಬಿಟ್ಟುಕೊಡುತ್ತಿರಲಿಲ್ಲ. ದೋಷ ಹಿಡಿದದ್ದು ಯಾರೆಂಬ ಆ ಜಗಳ ಕೊನೆಯವರೆಗೂ ತೀರಲಿಲ್ಲ...

ಒಂದು ವರ್ಷ ದಸರೆ ಕಳೆದ ಮೇಲೆ ಕಾಕುವಿಗೆ ಜ್ವರ ಬಂತು. ಡಬ್ಬಿ ತಪ್ಪುತ್ತದೆಂದು ಆಸ್ಪತ್ರೆಗೆ ಹೋಗುವುದನ್ನು ಮುಂದೂಡಿದರು. ಹೋದಾಗ ತಡವಾಗಿತ್ತು. ಅವರ ದೇಹವನ್ನು ಮನೆಗೆ ತಂದು ಮಲಗಿಸಿದ ಮಧ್ಯಾಹ್ನ ಅವರ ಫೋನು ರಿಂಗಾಗತೊಡಗಿತು. ಯಜಮಾನರಿಗೆ ಸದ್ದು ಕೇಳದು, ಬೆಳಕು ಮಿನುಗುವುದು ಕಂಡು ಎತ್ತಿ ನನ್ನ ಕೈಗೆ ಕೊಟ್ಟರು. ಕಾರ್ಖಾನೆಯ ಗೇಟಿನಿಂದ ಒಬ್ಬೊಬ್ಬರಾಗಿ ಮಾಡುತ್ತಿದ್ದರು. ಕಾಕು, ಇವತ್ತು ಡಬ್ಬಿ ಯಾಕೆ ಬರಲಿಲ್ಲ ಎಂದು ಮರಾಠಿಯಲ್ಲಿ, ಹಿಂದಿಯಲ್ಲಿ, ನಮ್ಮ ಮಾತಿನಲ್ಲಿ ಕೇಳುತ್ತಿದ್ದರು. ಒಬ್ಬೊಬ್ಬರಿಗೂ ನಾನೇ ಹೇಳಿದೆ. ಯಜಮಾನರು ನನ್ನ ತುಟಿ ನೋಡುತ್ತ ಕೂತಿದ್ದರು.

ಅವರು ಕಾರು ಮಾರಿ ಗೋಕಾಕಕ್ಕೆ ತಮ್ಮನ ಮನೆಗೆ ಹೋದರು. ಅಂಗಳದ ಆ ಜಾಗ ಖಾಲಿಯೇ ಇತ್ತು. ಹೊಸದಾಗಿ ಬಾಡಿಗೆಗೆ ಬಂದವನೊಬ್ಬ ಅಲ್ಲಿ ತನ್ನ ಗಾಡಿ ನಿಲ್ಲಿಸಲು ಕೇಳಿದಾಗ ಸೆಕ್ರೆಟರಿಯವರು ಒಪ್ಪಲಿಲ್ಲವಂತೆ. "ತಿ ಕಾಕೂಂಚಿ ಜಾಗಾ ಆಹೇ," ಅದು ಕಾಕುವಿನ ಜಾಗ, ಎಂದರಂತೆ.

ಆಮೇಲೆ ಆ ಕಟ್ಟಡ, ಕೆಡವಿ ಹೊಸದು ಕಟ್ಟಲೆಂದು, ರೀಡೆವಲಪ್‌ಮೆಂಟಿಗೆ ಹೋಯಿತು. ಜನ ಚದುರಿದರು. ಮೊನ್ನೆ ಹೊಸ ಕಾರಿನ ಕೆಲಸ ಮುಗಿಸಿ ಕಳಿಸಿದ ಮೇಲೆ, ಯಾಕೋ ಆ ಬೀದಿಗೆ ಹೋದೆ. ಸುತ್ತಲೂ ತಗಡು ಕಟ್ಟಿದ್ದಾರೆ. ಸಂದಿಯಿಂದ ಇಣುಕಿದೆ. ಕಟ್ಟಡವಿದ್ದಲ್ಲಿ, ಅಂಗಳವಿದ್ದಲ್ಲಿ, ಎಲ್ಲ ಕೂಡಿ ಒಂದೇ ಆಳವಾದ ಕುಣಿ. ತಳದಲ್ಲಿ ಕೆಂಪು ನೀರು, ಕಬ್ಬಿಣದ ಸರಳುಗಳು. ವಾಚ್‌ಮನ್ ಬಂದು ಏನು ಬೇಕೆಂದು ಹಿಂದಿಯಲ್ಲಿ ಕೇಳಿದ. ಯಾದಗಿರಿ ಕಡೆಯವನೆಂದು ಮಾತಿನ ಧಾಟಿಯಲ್ಲೇ ತಿಳಿಯಿತು. ಇಲ್ಲಿ ನಮ್ಮ ಕಾಕುವಿನ ಗಾಡಿ ನಿಲ್ಲುತ್ತಿತ್ತು ಎಂದೆ.

"ಎಲ್ಲಿರಿ?" ಅಂದ.

ಕೈ ಎತ್ತಿದೆ. ತೋರಿಸಲು ನೆಲವೇ ಇರಲಿಲ್ಲ.