ಎದ್ದರೆ ಫೌಲಾಗುವ ಆಟ

ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣವೆಂದರೆ ಪದಕ ತರುವ ಹತ್ತಾರು ಮಂದಿಯ ಕೆಲಸ, ಉಳಿದ ಸಾವಿರಾರು ಮಂದಿ ಚಪ್ಪಾಳೆ ತಟ್ಟಬೇಕಾದವರು ಎಂಬ ಭಾವನೆ ಬಲವಾಗಿದ್ದ ಕಾಲದಲ್ಲಿ ಆ ಉಳಿದವರ ಕಡೆಗೆ ಮುಖಮಾಡಿದ ಕೆಲವೇ ನಿರ್ದೇಶಕರಲ್ಲಿ, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಕ್ರೀಡಾ ವಿಭಾಗದ ನಿರ್ದೇಶಕಿಯವರೂ ಒಬ್ಬರು. ಮೂವತ್ತೊಂದು ವರ್ಷ ಕೊರಳಿಗೆ ಸೀಟಿ ಹಾಕಿಕೊಂಡೇ ಓಡಾಡಿದ ಅವರನ್ನು ವಿದ್ಯಾರ್ಥಿಗಳು ‘ಪೀಪಿ ಮೇಡಂ’ ಎನ್ನುವುದು ಅವರಿಗೂ ಗೊತ್ತಿರುವ ಗುಟ್ಟು. ಜಾನಪದ ವಿಭಾಗದಲ್ಲಿದ್ದು ದೂರದೂರದ ಕಥೆಗಳನ್ನು ಸಂಗ್ರಹಿಸುತ್ತಿದ್ದ ನನಗೆ, ನಮ್ಮದೇ ಮೈದಾನದಲ್ಲಿ ಒಂದು ಕಥೆ ಬೆಳೆಯುತ್ತಿರುವುದು ತಡವಾಗಿ ಗಮನಕ್ಕೆ ಬಂತು. ಅದನ್ನು ನಾಲ್ವರ ಬಾಯಲ್ಲಿ ಕೇಳಿ, ತಾಳೆ ನೋಡಿ, ಇಲ್ಲಿ ದಾಖಲಿಸುತ್ತಿದ್ದೇನೆ.

ಅವರು ಸೇವೆಗೆ ಸೇರಿದಾಗ ವಾಲಿಬಾಲ್ ಅಂಕಣದ ಪಕ್ಕದಲ್ಲಿ ಸಿಮೆಂಟಿನ ಬೆಂಚೊಂದಿತ್ತು. ಉಬ್ಬಸವೋ ಮಂದ ದೃಷ್ಟಿಯೋ ಕಾಲಿನ ತೊಂದರೆಯೋ ಇದ್ದು ಆಟದಿಂದ ವಿನಾಯಿತಿ ಪತ್ರ ಪಡೆದವರು ಅಲ್ಲಿ ಕುಳಿತು ಆಡುವವರ ಚೀಲ, ಕೈಗಡಿಯಾರಗಳನ್ನು ಕಾಯುವುದು ವಾಡಿಕೆ. ಹೊಸ ನಿರ್ದೇಶಕಿಯವರು ಈ ಪತ್ರಗಳಿಗೆ ಧಾರಾಳವಾಗಿ ಸಹಿ ಹಾಕುತ್ತಿದ್ದರು. ಅದನ್ನು ದಯೆಯೆಂದೇ ನಂಬಿದ್ದರು. ಎರಡನೆಯ ವರ್ಷ, ಗ್ರಂಥಾಲಯ ಸಹಾಯಕರ ಮಗಳು, ಊರುಗೋಲಿನ ಆಸರೆಯಲ್ಲಿ ನಡೆಯುತ್ತಿದ್ದ ವಿದ್ಯಾರ್ಥಿನಿ, ತಾನು ಕೇಳದೆಯೇ ಕೈಸೇರಿದ್ದ ಪತ್ರವನ್ನು ತಂದು ಅವರ ಮೇಜಿನ ಮೇಲಿಟ್ಟಳು.

“ಇದು ಬೇಡ ಮೇಡಂ.”

“ಯಾಕಮ್ಮಾ? ನಿನಗೆ ತೊಂದರೆ ಆಗಬಾರದು ಅಂತಲೇ ಕೊಟ್ಟಿದ್ದು.”

“ಸ್ಕೂಲಲ್ಲಿ ಹತ್ತು ವರ್ಷ ಚೀಲ ಕಾದಿದ್ದೀನಿ. ಇಲ್ಲೂ ಕಾದ್ರೆ ಚೆಂಡು ಮುಟ್ಟದೇನೇ ಓದು ಮುಗಿದುಹೋಗತ್ತೆ. ನಿಮ್ಮನ್ನ ಯಾರಾದ್ರೂ ಒಂದು ಮಾತೂ ಕೇಳದೆ ಮೂಲೇಲಿ ಕೂರಿಸಿದ್ರೆ ಸುಮ್ನಿರ್ತೀರಾ?”

ಮುಂದಿನ ಭಾಗಕ್ಕೆ ಪಾಠಾಂತರಗಳಿವೆ. ನಿರ್ದೇಶಕಿಯವರು ಅಂಕಣದ ಕಂಬಗಳನ್ನೇ ಗರಗಸದಿಂದ ಕೊಯ್ಯಿಸಿದರೆಂದು ವಿದ್ಯಾರ್ಥಿನಿಲಯದವರು ಹೇಳುತ್ತಾರೆ. ಮೈದಾನ ನೋಡಿಕೊಳ್ಳುತ್ತಿದ್ದ ಹಿರಿಯ ನೌಕರರು ಇದಕ್ಕೆ ನಕ್ಕುಬಿಟ್ಟರು: “ಕಂಬ ಯಾಕೆ ಕುಯ್ತಾರೆ ಸ್ವಾಮಿ? ಬಲೆ ಬಿಚ್ಚಿ ನಿನ್ನ ಸೊಂಟದ ಮಟ್ಟಕ್ಕೆ ಕಟ್ಟು ಅಂದ್ರು, ಕಟ್ಟಿದೆ. ಗೆರೆ ಹತ್ತಿರಕ್ಕೆ ಎಳೆದೆ. ಅಷ್ಟೇ.” ಈ ಪಾಠವೇ ಸರಿ. ಎಲ್ಲರೂ ನೆಲದ ಮೇಲೆ ಕುಳಿತೇ ಆಡುವ ವಾಲಿಬಾಲ್ ಅದು. ಚೆಂಡು ಹೊಡೆಯುವಾಗ ನೆಲ ಬಿಟ್ಟು ಎದ್ದರೆ ಫೌಲು. ಬೆಂಚಿನವರೆಲ್ಲ ಸಂಜೆ ಅಲ್ಲಿ ಆಡತೊಡಗಿದರು.

ತಿಂಗಳೊಳಗೆ ವಿಶ್ವವಿದ್ಯಾಲಯ ತಂಡದ ತರಬೇತುದಾರರು ಆಕ್ಷೇಪವೆತ್ತಿದರು. ಪಂದ್ಯಾವಳಿ ಹತ್ತಿರವಿರುವಾಗ ಸಂಜೆಯ ಅಂಕಣ ಇವರಿಗೇಕೆ ಎಂಬುದು ಅವರ ದೂರು. ಅಂಕಣ ಹೋದರೆ ಆ ವಿದ್ಯಾರ್ಥಿನಿಗೆ ಮತ್ತೆ ಬೆಂಚೇ ಗತಿ. ನಿರ್ದೇಶಕಿಯವರು ವಾದಕ್ಕಿಳಿಯಲಿಲ್ಲ, ಇವರೊಡನೆ ಕುಳಿತು ಒಂದು ಪಂದ್ಯ ಆಡಿ, ಗೆದ್ದರೆ ಅಂಕಣ ನಿಮ್ಮದು ಎಂದರು. ಆರಡಿ ಮೀರಿದ ತಂಡದ ನಾಯಕ ಚೆಂಡು ಬಂದಾಗಲೆಲ್ಲ ಅಭ್ಯಾಸಬಲದಿಂದ ಎದ್ದ. ಎದ್ದಾಗಲೆಲ್ಲ ಸೀಟಿ ಮೊಳಗಿತು.

“ಕೂತ್ಕೊಳ್ಳಪ್ಪಾ ಜಿರಾಫೆ! ಕೂರೋಕೆ ಬರಲ್ಲ ಅಂದ್ರೆ ಹೇಳು, ವಿನಾಯಿತಿ ಪತ್ರ ಕೊಡಿಸ್ತೀನಿ,” ಎಂದಳಂತೆ ಬಲೆಯಾಚೆಯಿಂದ ಗ್ರಂಥಾಲಯದವರ ಮಗಳು.

ತಂಡ ಸೋತಿತು. ನಾಯಕ ಎದ್ದದ್ದು ಇಪ್ಪತ್ತು ಸಲ ಎನ್ನುವವರಿದ್ದಾರೆ. ಏಳೇ ಸಲ ಎಂದು ಸ್ವತಃ ಆತ ನನಗೆ ಪತ್ರ ಬರೆದಿದ್ದಾರೆ. ವಾರಕ್ಕೆ ಎರಡು ಸಂಜೆ ಅಂಕಣ ಕುಳಿತಾಡುವವರದಾಯಿತು, ಬೆಂಚನ್ನು ನಿರ್ದೇಶಕಿಯವರು ನಿಂತು ಒಡೆಸಿದರು. ಈಜುಕೊಳಕ್ಕೆ ಇಳಿಜಾರು, ಕಣ್ಣು ಕಾಣದವರಿಗೆ ಒಳಗೆ ಗೆಜ್ಜೆಯಿಟ್ಟ ಚೆಂಡು, ಕಚೇರಿಯ ಮಹಿಳೆಯರಿಗೆ ವ್ಯಾಯಾಮದ ಅವಧಿ ಬಂದದ್ದು ಆಮೇಲೆ. ವಿನಾಯಿತಿ ಪತ್ರದ ಜಾಗದಲ್ಲಿ ಅವರು ಅಚ್ಚು ಹಾಕಿಸಿದ ಹಾಳೆಯಲ್ಲಿ ಒಂದೇ ಪ್ರಶ್ನೆಯಿತ್ತು: ‘ನಿಮಗೆ ಏನಾಡಲು ಇಷ್ಟ?’

ಕಳೆದ ವಾರ ಅವರ ಗೌರವಾರ್ಥ ಪಂದ್ಯವೊಂದು ನಡೆಯಿತು. “ನನಗೆ ಮಂಡಿ ನೋವು ಕಣ್ರಮ್ಮಾ, ನಾನು ಪಕ್ಕದಲ್ಲಿ ಕೂತು ನೋಡ್ತೀನಿ,” ಎಂದರು ನಿರ್ದೇಶಕಿಯವರು. ಈಗ ಗಣಿತದ ಪ್ರಾಧ್ಯಾಪಕಿಯಾಗಿರುವ ಅದೇ ವಿದ್ಯಾರ್ಥಿನಿ ಊರುಗೋಲನ್ನು ಗೆರೆಯಾಚೆ ಮಲಗಿಸಿ ಆಗಲೇ ನೆಲಕ್ಕೆ ಕುಳಿತಿದ್ದರು.

“ಎಲ್ಲಿ ಕೂರ್ತೀರಾ ಮೇಡಂ? ಬೆಂಚು ನೀವೇ ಒಡೆಸಿದ್ರಲ್ಲ! ಬನ್ನಿ, ಕಾಲು ಚಾಚಿ ಕೂತ್ಕೊಳ್ಳಿ. ಎಬ್ಬಿಸೋಕೆ ಇಷ್ಟು ಜನ ಇದ್ದೀವಿ.”

ಅವರು ಸೀಟಿಯನ್ನು ಕೊರಳಿಂದ ತೆಗೆದು ಬೇರೊಬ್ಬರ ಕೈಗಿತ್ತು ಕುಳಿತರು. ಅವರ ಮೊದಲ ಸರ್ವ್ ಬಲೆಗೆ ಬಡಿಯಿತು. ಇದಕ್ಕೆ ಪಾಠಾಂತರವಿಲ್ಲ, ನಾನೇ ಕಂಡದ್ದು. ಅವರು ನೂರ್ಕಾಲ ಬಾಳಲಿ, ವಾರಕ್ಕೆರಡು ಸಂಜೆ ಆ ಅಂಕಣಕ್ಕೆ ತಪ್ಪದೆ ಬರುತ್ತಿರಲಿ. ಎರಡನೆಯ ಸರ್ವ್ ಬಲೆ ದಾಟಿತೆಂಬುದನ್ನು, ಮುಂದೆ ಯಾರೂ ತಿದ್ದದಂತೆ, ಇಲ್ಲಿಯೇ ದಾಖಲಿಸಿದ್ದೇನೆ.