ಮೂಗಿದ್ರೆ ಸಾಕು

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಕೆ ಮೈಸೂರಿನವರು. ನೈವೇದ್ಯವಾಗುವ ಮೊದಲು ಅಡುಗೆಯ ರುಚಿ ನೋಡುವ ಪದ್ಧತಿ ಅವರಲ್ಲಿರಲಿಲ್ಲ. ಕುದಿಯುವ ಸಾರಿನ ಮೇಲೆ ಬಾಗಿ ಮೂಸಿ, ಆವಿ ಹತ್ತಿದ ಕನ್ನಡಕವನ್ನು ಸ್ವೆಟರಿನ ತೋಳಿಗೆ ಒರೆಸಿಕೊಳ್ಳುತ್ತಾ, “ಮೂಗಿದ್ರೆ ಸಾಕು ಕಣ್ರೀ” ಎನ್ನುತ್ತಿದ್ದರು. ಉಪ್ಪು ಒಂದು ದಿನವೂ ತಪ್ಪಿದ್ದಿಲ್ಲ.

ಒಂದು ಬೇಸಿಗೆ ರಜೆಯಲ್ಲಿ ಎರಡೂ ಮನೆಯವರು ಜರ್ಮನಿಗೆ ಹೋಗಿದ್ದೆವು. ಮೊಸೆಲ್ ನದಿಯ ಕಣಿವೆಯಲ್ಲೊಂದು ಹಳೆಯ ಊರು; ಸುತ್ತಲ ಗುಡ್ಡಗಳ ತುಂಬ ದ್ರಾಕ್ಷಿ. ಅಲ್ಲಿ ವೈನ್ ಮಾಡುವ ಯಜಮಾನರು ನೆಲಮಾಳಿಗೆಯ ಪೀಪಾಯಿಯಿಂದಲೇ ಎಲ್ಲರ ಲೋಟಕ್ಕೂ ವೈನ್ ಹಿಡಿದು ಕೊಟ್ಟರು.

“ನಾನು ಕುಡಿಯಲ್ಲ, ವಾಸನೆ ನೋಡ್ತೀನಿ” ಎಂದು ಈಕೆಯೂ ಒಂದು ಲೋಟ ತೆಗೆದುಕೊಂಡರು. ಕಣ್ಣು ಮುಚ್ಚಿ ಮೂಸಿ, ಮುಖ ಕಿವುಚಿದರು.

“ಇನ್ನೂ ಹಸಿ ವಾಸನೆ ಇದೆ. ಅವರಿಗೆ ಹೇಳಿ.”

ತಲೆಮಾರುಗಳಿಂದ ಇದೇ ಕಸುಬು ಮಾಡಿಕೊಂಡು ಬಂದವರಿಗೆ ಹೇಳುವುದು ಹೇಗೆ? ಆಕೆಯ ಗಂಡ ಗೋಡೆ ನೋಡತೊಡಗಿದರು. ನಾನೇ ಇಂಗ್ಲಿಷಿನಲ್ಲಿ ತೊದಲಿದೆ. ಯಜಮಾನರು ಹುಬ್ಬೇರಿಸಿ ಆಕೆಯನ್ನೇ ನೋಡಿದರು. ಹೌದು, ಇದು ಕಳೆದ ಸುಗ್ಗಿಯದು, ಇನ್ನೂ ಮಾಗಬೇಕು ಎಂದರು. ಒಳಗಿನಿಂದ ಧೂಳು ಹಿಡಿದ ಬಾಟಲಿ ತಂದು, ನಮ್ಮನ್ನೆಲ್ಲ ಬಿಟ್ಟು ಹೊಸ ಲೋಟದಲ್ಲಿ ಆಕೆಗೇ ಮೊದಲು ಸುರಿದು ಕೊಟ್ಟರು.

ಸಾರಿನ ಪಾತ್ರೆಯ ಮೇಲೆ ಬಾಗುವಂತೆಯೇ ಬಾಗಿ ಮೂಸಿ, ಆಕೆ ಅಪ್ಪಣೆ ಕೊಟ್ಟರು: “ಹಾಂ, ಇದನ್ನ ಒಲೆಯಿಂದ ಇಳಿಸ್ಬಹುದು.”